ಬಯಲು ತುಂಬಿದ ಭಾವಗೀತೆ

ತುಮಕೂರು ಜಿಲ್ಲೆಯ ಬಲಸಮುದ್ರದಂಥ ಊರುಗಳಲ್ಲಿ ಭಾವಗೀತೆಯೆಂದರೆ ಬಹುಕಾಲ ರೇಡಿಯೋ ಮುಂದೆ ಕುಳಿತು ಕೇಳುವ ಹಾಡು. ಹಾರ್ಮೋನಿಯಂ, ತಬಲ, ಒಂದು ಕಂಠ. ನಡುಮನೆಗೆ ಅಷ್ಟು ಸಾಕು. ಇಂಥ ಮೆಲುದನಿಯ ಗಾನ ಬೆಂಗಳೂರಿನ ಅರಮನೆ ಮೈದಾನವನ್ನು ತುಂಬೀತೆ? 2005ರಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮವನ್ನು ಅಲ್ಲಿ ನಡೆಸಿ ಸಿ. ಅಶ್ವಥ್ ಈ ಪ್ರಶ್ನೆಗೆ ಉತ್ತರವಿತ್ತರು. ಸಹಸ್ರಾರು ಜನ ಬಯಲಿನಲ್ಲಿ ಕುಳಿತು ಕವಿತೆ ಕೇಳಿದರು.

ಅಶ್ವಥ್ ಐ.ಟಿ.ಐ. ಕಾರ್ಖಾನೆಯ ನೌಕರಿಯ ಜೊತೆಯಲ್ಲೇ ಸಂಗೀತವನ್ನು ಬೆಳೆಸಿಕೊಂಡವರು. ಕುವೆಂಪು, ಬೇಂದ್ರೆ, ನರಸಿಂಹಸ್ವಾಮಿ, ಶಿಶುನಾಳ ಷರೀಫರ ಪದಗಳಿಗೆ ರಾಗ ಹಾಕಿ ತಾವೇ ಹಾಡಿದವರು.

ಮೈದಾನದ ಗಾನಕ್ಕೆ ಒಂದು ಅಪಾಯವುಂಟು. ಧ್ವನಿವರ್ಧಕವು ಸ್ವರವನ್ನು ಹಿಗ್ಗಿಸುವಾಗ ಮಾತನ್ನು ಮುಳುಗಿಸಲೂ ಬಲ್ಲದು. ಭಾವಗೀತೆಗಾದರೋ ಮಾತೇ ಪ್ರಾಣ. ಆ ಪ್ರಾಣವನ್ನು ಕಾಯುವುದು ಶ್ರೋತೃವಿನ ನೆನಪು. ಮನೆಯಲ್ಲಿ ಹಲವು ಸಲ ಕೇಳಿದ ಸಾಲು ಗದ್ದಲದಲ್ಲಿ ಅರ್ಧವೇ ಕಿವಿಗೆ ಬಿದ್ದರೂ, ಉಳಿದರ್ಧವನ್ನು ಮನಸ್ಸು ತುಂಬಿಕೊಳ್ಳುತ್ತದೆ.

1939ರ ಡಿಸೆಂಬರ್ 29ರಂದು ಜನಿಸಿದ ಅಶ್ವಥ್, 2009ರ ಅದೇ ದಿನ, 70 ತುಂಬಿದಂದೇ, ತೀರಿಕೊಂಡರು. ಆ ಕಂಠದ ಮುದ್ರಿಕೆಗಳು ಉಳಿದಿವೆ. ಇಂದು ನಡುಮನೆಯಲ್ಲಿ ಮಕ್ಕಳ ಕಿವಿಗೆ ಅವು ಬೀಳದಿದ್ದರೆ, ನಾಳೆ ಮೈದಾನವಿದ್ದೀತು, ಕೇಳುವವರು ಇರಲಾರರು.