ಮೊದಲು ರೇಂಜು, ಮತ್ತೆ ಸೆಟ್ಟು



ಅಡಿಕೆ ಮಾರಿ ಕೈಗೆ ಸ್ವಲ್ಪ ಹಣ ಬಂದ ಕೂಡಲೇ ನಮ್ಮ ಊರಿನ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಯಾವ ಸ್ಮಾರ್ಟ್‌ಫೋನ್ ತೆಗೆಯುವುದು? ಒಬ್ಬರು ರೆಡ್ಮಿ ಅಂತಾರೆ, ಒಬ್ಬರು ವಿವೋ ಅಂತಾರೆ, ಪೇಟೆಯಿಂದ ಬಂದವರು ಸ್ಯಾಮ್ಸಂಗೇ ಆಗಬೇಕು ಅಂತಾರೆ. ನಮ್ಮ ತರಗತಿಯಲ್ಲೂ ಊಟದ ಬಿಡುವಿನಲ್ಲಿ ಇದೇ ಮಾತು. ಕ್ಯಾಮರಾ ಎಷ್ಟು, ಗೇಮ್ ಹ್ಯಾಂಗ್ ಆಗ್ತದಾ ಇಲ್ವಾ ಅಂತ ಜಗಳವೇ ಆಗ್ತದೆ. ಮನೆಯಲ್ಲಿ ಫೋನು ಮುಟ್ಟಲಿಕ್ಕೆ ಬಿಡದವರದ್ದೇ ಸ್ವರ ಜೋರು! ಆದರೆ ನಮ್ಮ ಮನೆಯ ಒಳಗೆ ಯಾವ ಕಂಪೆನಿಯ ರೇಂಜು ಸಿಗ್ತದೆ ಅಂತ ಯಾರೂ ಮೊದಲು ಕೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮಂಥ ಊರಿನವರು ಮೊದಲು ರೇಂಜು ನೋಡಬೇಕು, ಅದರ ಮೇಲೆ ಸಿಮ್ಮು ಆರಿಸಬೇಕು. ಸೆಟ್ಟು ಕಡೆಗೆ.

ಬಂಟ್ವಾಳದ ಬಿ.ಸಿ.ರೋಡಿನಲ್ಲಿ ನನ್ನ ಮಾವನ ಮನೆ ಉಂಟು. ಅಲ್ಲಿ ಯಾವ ಸಿಮ್ಮು ಹಾಕಿದರೂ ಮಾತಾಡಬಹುದು. ಆದ್ದರಿಂದ ಮಾವ ರೀಚಾರ್ಜಿನ ದರ ಒಂದನ್ನೇ ನೋಡುತ್ತಾರೆ. ಅವರಿಗೆ ಅದು ಸರಿಯೇ. ನನ್ನ ಅಣ್ಣ ಮೂಡುಬಿದಿರೆಯಲ್ಲಿ ರೂಮು ಮಾಡಿಕೊಂಡು ಕಾಲೇಜಿಗೆ ಹೋಗುತ್ತಾನೆ. ಅವನು ಹದಿನೆಂಟು ಸಾವಿರ ಕೊಟ್ಟು 5ಜಿ ಸೆಟ್ಟು ತೆಗೆದಿದ್ದಾನೆ. ಶನಿವಾರ ಅವನು ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಊರಿಗೆ ಬರುವಾಗ ಫೋನಿನ ಮೇಲೆ 5ಜಿ ಇದ್ದದ್ದು 4ಜಿ ಆಗ್ತದೆ. ನಮ್ಮ ಊರಿನ ಏರು ಇಳಿಯುವಾಗ ಕಡ್ಡಿಗಳು ಒಂದೊಂದೇ ಹೋಗಿ, ಅಂಗಳಕ್ಕೆ ಕಾಲಿಡುವಾಗ ಎಂತದೂ ಇಲ್ಲ. ಅಪ್ಪನ ಒಡೆದ ಗ್ಲಾಸಿನ ಸೆಟ್ಟಿನಲ್ಲಿ ಬೇರೆ ಕಂಪೆನಿಯ ಸಿಮ್ಮು. ಅದಕ್ಕೆ ಹಟ್ಟಿಯ ಹತ್ತಿರ ಎರಡು ಕಡ್ಡಿ ಬರ್ತದೆ. ಹದಿನೆಂಟು ಸಾವಿರದ ಅಣ್ಣ ಅದನ್ನು ಕೇಳಿ ತಗೊಂಡು ಹಟ್ಟಿಯ ಹತ್ತಿರ ನಿಂತು ಮಾತಾಡ್ತಾನೆ.

ಹೀಗೆ ಯಾಕೆ ಆಗ್ತದೆ ಅಂತ ನಾನು ವಿಜ್ಞಾನ ಟೀಚರಲ್ಲಿ ಕೇಳಿದೆ. ಫೋನಿನ ಮಾತು ರೇಡಿಯೋ ಅಲೆಗಳಲ್ಲಿ ಹೋಗುತ್ತದೆ. 700, 900 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ, ಗೋಡೆಯ ಒಳಗೂ ನುಗ್ಗುತ್ತವೆ. 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್‌ನ ಅಲೆಗಳು ಬೇಗ ಬೇಗ ಡೇಟಾ ತರುತ್ತವೆ, ಆದರೆ ಟವರಿನ ಹತ್ತಿರ ಇರುವವರಿಗೆ ಮಾತ್ರ. ನಡುವೆ ಗುಡ್ಡೆ ಬಂದರೆ ಎರಡಕ್ಕೂ ಕಷ್ಟ. ನಮ್ಮ ಬೆಳ್ತಂಗಡಿ ತಾಲೂಕು ಇರುವುದೇ ಘಟ್ಟದ ಬುಡದಲ್ಲಿ. ತೋಟಕ್ಕೆ ನೀರು ಬೇಕು ಅಂತ ಹಿರಿಯರು ತಗ್ಗಿನಲ್ಲಿ ಮನೆ ಕಟ್ಟಿದರು. ಮುಂದೆ ಟವರು ಅಂತ ಒಂದು ಬರ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವಲ್ಲ!

ರೇಂಜು ಇಲ್ಲದ್ದೇ ಒಳ್ಳೆಯದು, ಮಕ್ಕಳು ಓದುತ್ತಾರೆ ಅಂತ ಕೆಲವು ಹಿರಿಯರು ಹೇಳುವುದುಂಟು. ಅವರ ಮೇಲೆ ಗೌರವ ಇಟ್ಟುಕೊಂಡೇ ನಾನು ಇದನ್ನು ಒಪ್ಪುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಜ್ಜಿಗೆ ದಮ್ಮು ಜೋರಾಯಿತು. ಕರೆಂಟು ಇರಲಿಲ್ಲ, ಹಟ್ಟಿಯ ಹತ್ತಿರದ ಎರಡು ಕಡ್ಡಿಯೂ ಇರಲಿಲ್ಲ. ಜೀಪಿನವರಿಗೆ ಫೋನು ಮಾಡಲಿಕ್ಕೆ ಅಪ್ಪ ಟಾರ್ಚ್ ಹಿಡಿದು ಗುಡ್ಡೆ ಹತ್ತಿದರು. ಅವರು ಕೆಳಗೆ ಬರುವವರೆಗೆ ಅಮ್ಮ ಅಜ್ಜಿಯ ಬೆನ್ನು ತಿಕ್ಕುತ್ತಾ ಕೂತಿದ್ದರು, ನಾನು ಚಿಮಿಣಿ ದೀಪ ಹಿಡಿದು ನಿಂತಿದ್ದೆ. ಅಜ್ಜಿ ಈಗ ಚೆನ್ನಾಗಿದ್ದಾರೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ನೆರೆ ಬಂದು ತೋಟ, ಸೇತುವೆಗಳು ಹೋದದ್ದು ದೊಡ್ಡವರಿಗೆಲ್ಲ ನೆನಪಿರಬಹುದು. ಅಂಥ ದಿನ ಕ್ಯಾಮರಾ ಎಷ್ಟು ಮೆಗಾಪಿಕ್ಸೆಲ್ ಅಂತ ಯಾರಾದರೂ ಕೇಳ್ತಾರಾ? ಮತ್ತೆ ಓದಿನ ವಿಷಯ. ಕೊರೊನಾ ಕಾಲದಲ್ಲಿ, 2021ರಲ್ಲಿ, ಸುಳ್ಯ ತಾಲೂಕಿನಲ್ಲಿ ಒಬ್ಬ ಹುಡುಗಿ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವುದೂ ಅವಳ ಅಪ್ಪ ಕೊಡೆ ಹಿಡಿದು ನಿಲ್ಲುವುದೂ ಪೇಪರಿನಲ್ಲಿ ಫೋಟೋ ಬಂದಿತ್ತು. ಅವಳ ಹತ್ತಿರ ಫೋನು ಇತ್ತು. ಇಲ್ಲದ್ದು ಮನೆಯಲ್ಲಿ ರೇಂಜು.

ಅಮೆರಿಕದಲ್ಲಿ 2007ರಲ್ಲಿ ಐಫೋನ್ ಬಂದಾಗ ಅದನ್ನು ಎಟಿ ಅಂಡ್ ಟಿ ಎಂಬ ಒಂದೇ ಕಂಪೆನಿಯ ಜೊತೆಗೆ ತೆಗೆಯಬೇಕಿತ್ತು. ಮತ್ತೊಂದು ದೊಡ್ಡ ಕಂಪೆನಿ ವೆರಿಝಾನ್‌ಗೆ ಅದು ಸಿಕ್ಕಿದ್ದು 2011ರಲ್ಲಿ. ಅಷ್ಟು ವರ್ಷ ಅಲ್ಲಿನವರು ಸೆಟ್ಟು ಬೇಕಾ ರೇಂಜು ಬೇಕಾ ಅಂತ ತಲೆ ಕೆಡಿಸಿಕೊಂಡಿರಬೇಕು. ನಮ್ಮ ದೇಶದಲ್ಲೂ 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಕೊಟ್ಟ ಸೆಟ್ಟಿಗೆ ಬೇರೆ ಕಂಪೆನಿಯ ಸಿಮ್ಮು ಹಾಕಲಿಕ್ಕೆ ಆಗುತ್ತಿರಲಿಲ್ಲ. ಈಗ ನಮಗೆ ಆ ಕಷ್ಟ ಕಡಿಮೆ. ಹೆಚ್ಚಿನ ಸ್ಮಾರ್ಟ್‌ಫೋನುಗಳಿಗೆ ಎರಡು ಸಿಮ್ಮು ಹಾಕಬಹುದು. ಆದ್ದರಿಂದ ಸಿಮ್ಮನ್ನು ಬೇರೆಯಾಗಿ ಯೋಚಿಸಲಿಕ್ಕೆ ನಮಗೆ ಅವಕಾಶ ಉಂಟು, ನಾವು ಯೋಚಿಸುವುದಿಲ್ಲ ಅಷ್ಟೆ.

ನಂಬರ್ ಹೋಗ್ತದೆ ಅಂತ ಹೆದರುವವರೂ ಇದ್ದಾರೆ. ಹೆದರುವುದು ಬೇಡ. ನಂಬರ್ ಅದೇ ಇಟ್ಟುಕೊಂಡು ಕಂಪೆನಿ ಬದಲಿಸುವ ವ್ಯವಸ್ಥೆ 2011ರ ಜನವರಿ 20ರಿಂದ ಇಡೀ ದೇಶದಲ್ಲಿ ಉಂಟು. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನು ಹೊಸ ಕಂಪೆನಿಯ ಅಂಗಡಿಯಲ್ಲಿ ಕೊಡಬೇಕು. ಆದರೆ ಒಮ್ಮೆ ಬದಲಿಸಿದ ಮೇಲೆ ತೊಂಬತ್ತು ದಿನ ಪುನಃ ಬದಲಿಸಲಿಕ್ಕೆ ಆಗುವುದಿಲ್ಲ. ಮೇ ಕೊನೆಗೆ ಬದಲಿಸಿದರೆ ತೊಂಬತ್ತು ದಿನ ಅಂದರೆ ಹೆಚ್ಚುಕಡಿಮೆ ಇಡೀ ಮಳೆಗಾಲ! 2024ರ ಜುಲೈಯಲ್ಲಿ ಜಿಯೋ, ಏರ್‌ಟೆಲ್, ವಿಐ ಮೂವರೂ ದರ ಏರಿಸಿದರು, ಬಿಎಸ್‌ಎನ್‌ಎಲ್ ಏರಿಸಲಿಲ್ಲ. ಆಗ ದೇಶದಲ್ಲಿ ತುಂಬಾ ಜನ ಬಿಎಸ್‌ಎನ್‌ಎಲ್‌ಗೆ ಹೋದರು. ದರ ನೋಡಿ ಹೋದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ರೀಚಾರ್ಜ್ ಇಪ್ಪತ್ತೆಂಟು ದಿನಕ್ಕೆ ಇದ್ದರೆ ವರ್ಷಕ್ಕೆ ಹದಿಮೂರು ಸಲ ಹಾಕಬೇಕು, ಲೆಕ್ಕ ಮಾಡಿ ನೋಡಿ. ಕೂಲಿ ಮಾಡುವವರಿಗೆ ಅದು ದೊಡ್ಡ ಮೊತ್ತವೇ. ಆದರೆ ಹೋಗುವ ಮೊದಲು ನೆರೆಮನೆಯವರನ್ನೋ ನೆಂಟರನ್ನೋ ಕರೆದು, ಅವರ ಆ ಸಿಮ್ಮಿನ ಫೋನನ್ನು ನಮ್ಮ ಚಾವಡಿಯಲ್ಲಿ, ಅಡಿಗೆ ಕೋಣೆಯಲ್ಲಿ, ತೋಟದ ಪಂಪಿನ ಹತ್ತಿರ ಹಿಡಿದು ನೋಡಬೇಕು. ಕರೆಂಟು ಹೋಗಿ ಎರಡು ಗಂಟೆ ಆದ ಮೇಲೆ ಇನ್ನೊಮ್ಮೆ ನೋಡಬೇಕು. ಟವರಿನ ಬ್ಯಾಟರಿ ಎಷ್ಟು ಹೊತ್ತು ಬರ್ತದೆ ಅಂತ ಆಗ ಗೊತ್ತಾಗುತ್ತದೆ. ಕಂಪೆನಿಗಳು ರೇಂಜಿನ ಮ್ಯಾಪನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ಅದನ್ನೂ ನೋಡಬಹುದು. ಆದರೆ ಮ್ಯಾಪಿಗೆ ನಮ್ಮ ಹಟ್ಟಿ ಯಾವುದು, ಚಾವಡಿ ಯಾವುದು ಅಂತ ಗೊತ್ತಿಲ್ಲ.

ಸಿಮ್ಮು ನಿಶ್ಚಯ ಆದ ಮೇಲೆ ಸೆಟ್ಟು. ಅಲ್ಲೂ ಕೇಳಬೇಕಾದದ್ದು ಬಣ್ಣ ಅಲ್ಲ. ಜಿಯೋಗೆ 2ಜಿ ಇಲ್ಲ, ಆದ್ದರಿಂದ ಅಜ್ಜಿಯ ಹಳೇ 2ಜಿ ಕೀಪ್ಯಾಡ್ ಸೆಟ್ಟಿಗೆ ಆ ಸಿಮ್ಮು ಹಾಕಿ ಪ್ರಯೋಜನ ಇಲ್ಲ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಉದ್ಘಾಟಿಸಿತು. ಅದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಅದನ್ನು ಹಾಕುವವರು ಸೆಟ್ಟಿನಲ್ಲಿ 700ರದ್ದು, ಅಂದರೆ 28ನೇ ಬ್ಯಾಂಡ್, ಉಂಟಾ ಅಂತ ಅಂಗಡಿಯಲ್ಲೇ ಕೇಳಬೇಕು. ನಾನು ಅಪ್ಪನ ಜೊತೆ ಹೋಗಿ ಕೇಳಿದಾಗ ಅಂಗಡಿಯವರು ನಕ್ಕರು, ಮತ್ತೆ ಇಂಟರ್‌ನೆಟ್ಟಿನಲ್ಲಿ ಹುಡುಕಿ ಹೇಳಿದರು. ಬರೇ ಮಾತಾಡಲಿಕ್ಕೆ ಫೋನು ಇಡುವ ಅಜ್ಜ ಅಜ್ಜಿಯರಿಗೆ ಡೇಟಾ ಇಲ್ಲದ ಪ್ಯಾಕ್ ಕೂಡ ಕೊಡಬೇಕು ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶ ಮಾಡಿದೆ. ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಇನ್ನೊಂದು ಮಾತು ಹೇಳಲೇಬೇಕು. ಬಿ.ಸಿ.ರೋಡಿನ ಮಾವನಿಗೆ ಆರಿಸಲಿಕ್ಕೆ ನಾಲ್ಕು ಉಂಟು. ನಮ್ಮ ಊರಿನ ಮೇಲಿನ ಬೈಲಿನವರಿಗೆ ಒಂದೇ, ಅದೂ ಗಾಳಿ ಬಂದ ಕಡೆಗೆ. ಅವರಿಗೆ ಯಾವುದು ಒಳ್ಳೆಯದು ಅಂತ ಹೇಳಿ ಏನು ಪ್ರಯೋಜನ? ಒಂದೇ ರಸ್ತೆಯಲ್ಲಿ ಸರಕಾರಿ ಬಸ್ಸೂ ಖಾಸಗಿ ಬಸ್ಸೂ ಹೋಗುತ್ತದೆ. ಹಾಗೆಯೇ ಕಾಡಿನ ಬದಿಯ ಟವರಿನಲ್ಲಿ ಎಲ್ಲರ ಸಿಮ್ಮೂ ನಡೆಯಬೇಕು. ಇದು ಆಗದ ಮಾತಲ್ಲ. ಸರಕಾರದ ಡಿಜಿಟಲ್ ಭಾರತ್ ನಿಧಿಯಿಂದ ಕಟ್ಟಿದ 4ಜಿ ಟವರುಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಮೂರೂ ಸಿಮ್ಮಿನವರು ಮಾತಾಡುವ ವ್ಯವಸ್ಥೆ 2025ರ ಜನವರಿ 17ರಂದು ಶುರುವಾಗಿದೆ. ಮೇಲಿನ ಬೈಲಿಗೆ ಅಂಥದ್ದೊಂದು ಬೇಕು ಅಂತ ಮುಂದಿನ ಗ್ರಾಮಸಭೆಯಲ್ಲಿ ದೊಡ್ಡವರು ಕೇಳಬೇಕು. ಮಕ್ಕಳ ಗ್ರಾಮಸಭೆಯಲ್ಲಿ ನಾವೂ ಕೇಳುತ್ತೇವೆ.

ಈ ಪತ್ರಿಕೆಯ ಕೆಳಗೆ ನೂಲಿನಲ್ಲಿ ಒಂದು ಹಾಳೆ ಕಟ್ಟಿದ್ದೇವೆ, ಪೆನ್ಸಿಲೂ ಉಂಟು. ನಿಮ್ಮ ಮನೆಯಲ್ಲಿ ಯಾವ ಸಿಮ್ಮಿಗೆ ಎಲ್ಲಿ ನಿಂತರೆ ಎಷ್ಟು ಕಡ್ಡಿ ಅಂತ ಬರೆಯಿರಿ. ಇಷ್ಟರವರೆಗೆ ಹದಿನಾಲ್ಕು ಮನೆಯವರು ಬರೆದಿದ್ದಾರೆ. ಮೇಲಿನ ಬೈಲಿನವರದ್ದು ಇನ್ನೂ ಬಂದಿಲ್ಲ. ದಯವಿಟ್ಟು ಪೆನ್ಸಿಲ್ ತೆಗೆದುಕೊಂಡು ಹೋಗಬೇಡಿ.