ರೆಕ್ಕೆಯ ಒಳಗಿನ ಕೈ



ವಿಮಾನವೆಂದರೆ ದೊಡ್ಡ ಕಾರ್ಖಾನೆಯ ಸೊತ್ತು ಎಂದೇ ನಮ್ಮೆಲ್ಲರ ಭಾವನೆ. ಆದರೆ ನಮ್ಮ ಬೆಂಗಳೂರಿನ ರಾಜ್‌ಹಂಸ ಅಲ್ಟ್ರಾಲೈಟ್ಸ್ ಎಂಬ ಸಂಸ್ಥೆ ‘ಎಕ್ಸ್-ಏರ್’ ಎಂಬ ಪುಟ್ಟ ವಿಮಾನದ ಬಿಡಿಭಾಗಗಳನ್ನು ಬ್ರಿಟನ್ ಮುಂತಾದ ದೇಶಗಳಿಗೆ ಕಳುಹಿಸಿತ್ತು. ಅಲ್ಲಿನವರು ಅದನ್ನು ತಾವೇ ಜೋಡಿಸಿ ಹಾರಿಸಿದರು. ಅಲ್ಯುಮಿನಿಯಂ ಕೊಳವೆಗಳನ್ನು ಬೋಲ್ಟಿನಿಂದ ಬಿಗಿದು, ಹೊಲಿದ ಡೇಕ್ರಾನ್ ಬಟ್ಟೆಯನ್ನು ದಿಂಬಿಗೆ ಗವಸು ಹಾಕಿದಂತೆ ತೊಡಿಸಿದರೆ ರೆಕ್ಕೆ! ರಾಜಾಜಿನಗರ, ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳ ಸದ್ದಿನಲ್ಲಿ ಬೆಳೆದ ನಮ್ಮ ಹುಡುಗರಿಗೆ ಇದು ತೀರಾ ದೂರದ ಕೆಲಸವೇನಲ್ಲ.

ಹೊಲಿಗೆಗೂ ವಿಮಾನಕ್ಕೂ ಹಳೆಯ ನಂಟಿದೆ. 1900ರಲ್ಲಿ ವಿಲ್ಬರ್ ರೈಟ್ ತನ್ನ ಗ್ಲೈಡರ್ ಜೋಡಿಸಲು ಅಮೆರಿಕದ ಕಿಟ್ಟಿ ಹಾಕ್ ಎಂಬ ಹಳ್ಳಿಗೆ ಹೋದ. 18 ಅಡಿಯ ಮರ ಸಿಗದೆ 16 ಅಡಿಯದನ್ನೇ ಒಯ್ದಿದ್ದರಿಂದ ರೆಕ್ಕೆಯ ಬಟ್ಟೆಯನ್ನು ಕತ್ತರಿಸಿ ಮತ್ತೆ ಹೊಲಿಯಬೇಕಾಯಿತು. ಅದಕ್ಕೆ ಯಂತ್ರ ಕೊಟ್ಟದ್ದು ಆ ಊರಿನ ಟೇಟ್ ಎಂಬವರ ಪತ್ನಿ. ಪ್ರಯೋಗ ಮುಗಿದು ಗ್ಲೈಡರನ್ನು ಅಲ್ಲೇ ಬಿಟ್ಟುಹೋದಾಗ ಆಕೆ ಅದೇ ಬಟ್ಟೆಯಿಂದ ತನ್ನ ಹೆಣ್ಣುಮಕ್ಕಳಿಗೆ ಫ್ರಾಕ್ ಹೊಲಿದರು. ಯಾವ ಗೃಹಿಣಿ ತಾನೇ ಒಳ್ಳೆಯ ಬಟ್ಟೆಯನ್ನು ಮರಳಿನಲ್ಲಿ ಬಿಟ್ಟಾಳು?

ಲೋಹದ ವಿಮಾನದ ಕೆಲಸವೇ ಬೇರೆ. ಅಮೆರಿಕದ ವ್ಯಾನ್ಸ್ ಕಂಪೆನಿಯ ಆರ್‌ವಿ ವಿಮಾನಗಳನ್ನು ಜನ ಮನೆಯ ಗ್ಯಾರೇಜಿನಲ್ಲೇ ಕಟ್ಟುತ್ತಾರೆ. ಒಂದೊಂದಕ್ಕೂ ಸಾವಿರಾರು ರಿವೆಟ್. ಹೊರಗಿನಿಂದ ಒಬ್ಬರು ಗಾಳಿಯ ಸುತ್ತಿಗೆಯಿಂದ ರಿವೆಟ್ ಹೊಡೆಯುವಾಗ, ಒಳಗಡೆ ಇನ್ನೊಬ್ಬರು ಅದರ ಬಾಲಕ್ಕೆ ಭಾರದ ಉಕ್ಕಿನ ತುಂಡನ್ನು ಒತ್ತಿ ಹಿಡಿಯಬೇಕು. ಹೆಚ್ಚಿನ ಮನೆಗಳಲ್ಲಿ ಆ ಇನ್ನೊಬ್ಬರು ಹೆಂಡತಿಯೋ ಮಗಳೋ ತಮ್ಮನೋ ಆಗಿರುತ್ತಾರೆ. ಬಾಲ ಚಪ್ಪಟೆಯಾಗಿ, ಅದರ ಅಗಲ ರಿವೆಟ್ ಕಡ್ಡಿಯ ಸುಮಾರು ಒಂದೂವರೆ ಪಟ್ಟು ಆಗಬೇಕು. ಓರೆಯಾದರೆ ಡ್ರಿಲ್‌ನಿಂದ ತೆಗೆದು ಹೊಸದು ಹಾಕಬೇಕು.

ಸುತ್ತಿಗೆ ಹಿಡಿದವನಿಗೆ ಆ ಬಾಲ ಕಾಣುವುದಿಲ್ಲ. ಕಾಣುವುದು ಒಳಗೆ ಕೈಯಿಟ್ಟವಳಿಗೆ ಮಾತ್ರ. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಮಾಡುವ ನಮ್ಮ ಸಹೋದರಿಯರಿಗೆ ಇದು ಚೆನ್ನಾಗಿ ಅರ್ಥವಾದೀತು. ರಾತ್ರಿ ಹತ್ತಾಗಿದೆ, ಆತ ದಣಿದಿದ್ದಾನೆ, ‘ಸರಿಯಾಯಿತಾ?’ ಎಂದು ಕೇಳುತ್ತಾನೆ. ಇಲ್ಲ ಎಂದರೆ ಮುಖ ಸಿಂಡರಿಸುತ್ತಾನೆ. ‘ಹೂಂ’ ಎಂದುಬಿಡುವುದು ಎಷ್ಟು ಸುಲಭ! ಆದರೆ ಅದು ಸಾಕ್ಷ್ಯ. ತಂದೆತಾಯಿ, ಬಂಧುಗಳಿಗೆ ವಿರುದ್ಧವಾದರೂ ಸತ್ಯಸಾಕ್ಷ್ಯ ನುಡಿಯಬೇಕೆಂದು ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಗಂಡನ ಮನಸ್ಸು ನೋಯಬಾರದೆಂದು ಹೇಳುವ ಸುಳ್ಳಿಗೆ ನಮ್ಮ ಮನೆಗಳಲ್ಲಿ ಸೌಜನ್ಯವೆಂಬ ಹೆಸರಿದೆ, ನನಗದು ಒಪ್ಪಿಗೆಯಿಲ್ಲ. ಸಹಾಯಕ್ಕೆ ಕರೆದವನು ಆಕೆಯ ಕೈಯನ್ನಷ್ಟೇ ಕರೆದದ್ದಲ್ಲ, ಕಣ್ಣನ್ನೂ ಕರೆದಿದ್ದಾನೆ.

ಕಟ್ಟಿದೊಡನೆ ಹಾರಿಸುವಂತಿಲ್ಲ ಎಂಬುದೂ ತಿಳಿದಿರಲಿ. ಮುಂಬಯಿಯ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಮನೆಯ ತಾರಸಿಯಲ್ಲಿ, ಕೂಡುಕುಟುಂಬದ ಬೆಂಬಲದಿಂದ, ಆರು ಆಸನಗಳ ವಿಮಾನ ಕಟ್ಟಿದರು. 2016ರಲ್ಲಿ ಅದು ಪ್ರದರ್ಶನಕ್ಕೆ ಬಂದರೂ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಪರವಾನಗಿ 2019ರಲ್ಲಿ. ಅಷ್ಟು ವರ್ಷ ಆ ಮನೆಯವರ ತಾಳ್ಮೆಯೂ ಖರ್ಚಾಗಿರಬೇಕು, ಹಣದ ಜೊತೆಗೆ.

ಪರೀಕ್ಷಿಸಲು ಅಧಿಕಾರಿಗಳು ಬರುತ್ತಾರೆ, ಕಾಗದಪತ್ರ, ಎಂಜಿನ್ ಎಲ್ಲ ನೋಡುತ್ತಾರೆ. ಆದರೆ ಕೊನೆಯ ತಗಡು ಮುಚ್ಚಿದ ಮೇಲೆ ರೆಕ್ಕೆಯ ಮೂಲೆಮೂಲೆಯ ರಿವೆಟ್ ಹೇಗಿದೆಯೆಂದು, ಅಲ್ಲಾಹನ ಬಳಿಕ, ಒಳಗೆ ಕೈಯಿಟ್ಟು ಹಿಡಿದಿದ್ದವಳಿಗೇ ಗೊತ್ತು.