ಫೋನು ಯಾರ ಕೈಯಲ್ಲಿರಬೇಕು?

2024ರ ಕೊನೆಯಲ್ಲಿ ಬೆಂಗಳೂರಿನ ಮೂವರು ಯುವಕರು ಮೈಕ್ರೋವೇವ್ ಓವನ್ನು, ಅಲ್ಯುಮಿನಿಯಂ ಹಾಳೆ ಮುಂತಾದವನ್ನು ಜೋಡಿಸಿಕೊಂಡು ಮಾಡಿದ ಕಿತಾಪತಿ ವಿದೇಶದ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಆ್ಯಪಲ್ ಕಂಪನಿಯ ಏರ್‌ಪಾಡ್ಸ್ ಪ್ರೊ 2 ಎಂಬ ಇಯರ್‌ಬಡ್ಡನ್ನು ಬರೀ ಸಾಫ್ಟ್‌ವೇರಿನಿಂದಲೇ ಶ್ರವಣ ಸಾಧನವಾಗಿಸಲು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ವರ್ಷದ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತ್ತು. ಮೂವರಲ್ಲೊಬ್ಬ ಅದನ್ನು ತನ್ನ ಅಜ್ಜಿಗೆಂದು ತಂದಿದ್ದ. ತಂದ ಮೇಲೆ ನೋಡಿದರೆ, ಭಾರತದಲ್ಲಿ ಆ ಸೌಲಭ್ಯವನ್ನು ಕಂಪನಿ ಆಗಿನ್ನೂ ತೆರೆದಿರಲಿಲ್ಲ. ಹುಡುಗರು ಸುಮ್ಮನಿರಲಿಲ್ಲ. ಹೊರಗಿನ ಸಿಗ್ನಲ್ ತಾಗದ ಗೂಡೊಂದನ್ನು ಕಟ್ಟಿ, ಇಯರ್‌ಬಡ್ಡಿಗೆ ಜೋಡಿಸಿದ ಐಪ್ಯಾಡನ್ನು ಅದರೊಳಗಿಟ್ಟು, ಕ್ಯಾಲಿಫೋರ್ನಿಯಾದ ವೈಫೈ ಹೆಸರುಗಳನ್ನು ತೋರಿಸಿ, ತಾನು ಅಮೆರಿಕದಲ್ಲಿದ್ದೇನೆಂದು ಅದು ನಂಬುವಂತೆ ಮಾಡಿದರು. ಸೌಲಭ್ಯ ತೆರೆದುಕೊಂಡಿತು.

ಆ ಜಾಣತನಕ್ಕಿಂತ ನನಗೆ ಹಿಡಿಸಿದ್ದು ಬೇರೆ. ಅಜ್ಜಿಗೆ ಕೇಳಿಸುವಂತೆ ಮಾಡುವ ಕೆಲಸವನ್ನು ಅವರು ಅಜ್ಜಿಯ ಪಾಲಿಗೆ ಬಿಡಲಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ತಿರುಗುಮುರುಗು. ಕಿವಿ ಮಂದವಾದವರೇ ಮೆಷಿನ್ ಹಾಕಿಕೊಳ್ಳಬೇಕು, ಅವರೇ ಮುಂದೆ ಬಂದು ಕೂರಬೇಕು, ಅವರೇ ನಮ್ಮ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ನಮ್ಮದೇನಿದ್ದರೂ ಒಂದು ಸಲ ಕೂಗುವುದು, ಇನ್ನೊಂದು ಸಲ ಕೂಗುವುದು, ಮೂರನೆಯ ಸಲಕ್ಕೆ ‘ಏನಿಲ್ಲ ಬಿಡಿ’ ಎನ್ನುವುದು.

ಕೂಗಿದರೆ ಪ್ರಯೋಜನವೂ ಅಷ್ಟಕ್ಕಷ್ಟೆ. ವಯಸ್ಸಾದಂತೆ ಮೊದಲು ಹೋಗುವುದು ಹೆಚ್ಚು ಕಂಪನಾಂಕದ ಸದ್ದುಗಳು. ಸ್ವರಗಳಲ್ಲಿ ಬಲವಿದೆ, ಅವು ಕಿವಿಗೆ ಬೀಳುತ್ತವೆ. ಸ, ಶ, ಚ, ತ ಥರದ ವ್ಯಂಜನಗಳು ಉದುರಿಹೋಗುತ್ತವೆ. ‘ಕೇಳ್ಸತ್ತೆ, ಏನಂತಿದೀರಿ ಅಂತ ಗೊತ್ತಾಗಲ್ಲ’ ಎಂದು ಹಿರಿಯರು ಗೊಣಗುವುದು ಅಕ್ಷರಶಃ ನಿಜ. ಊಟಕ್ಕೆ ಕೂತಾಗ ‘ಸಾಕಾ’ ಎಂದದ್ದೋ ‘ಹಾಕಲಾ’ ಎಂದದ್ದೋ ತಿಳಿಯದೆ ಸುಮ್ಮನೆ ತಲೆಯಾಡಿಸಿದರೆ ಎಲೆಗೆ ಇನ್ನೊಂದು ಸೌಟು ಸಾರು ಬೀಳುತ್ತದೆ. ನಾವು ಕೂಗುವಾಗ ಜೋರಾಗುವುದು ಮುಖ್ಯವಾಗಿ ಸ್ವರ. ವ್ಯಂಜನ ಇದ್ದಲ್ಲೇ ಇರುತ್ತದೆ, ಜೊತೆಗೆ ಮುಖದಲ್ಲಿ ಸಿಡುಕು ಸೇರಿಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ, ನೆರವು ಬೇಕಾದಷ್ಟು ಶ್ರವಣದೋಷ ಇರುವವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು. ನಮ್ಮ 2011ರ ಜನಗಣತಿಯಲ್ಲಿ ದಾಖಲಾದವರು ಸುಮಾರು 50 ಲಕ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಲೆಕ್ಕಕ್ಕೆ ಬರಬೇಕಾದರೆ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟವಾಗಿರಬೇಕು. ಅದಕ್ಕಿಂತ ಕಡಿಮೆ ಇದ್ದವರು ಅಂಗವಿಕಲರ ಕಾರ್ಡಿಗೂ ಸಲ್ಲರು, ಮನೆಯ ಮಾತುಕತೆಗೂ ಸಲ್ಲರು. ಫೋನು ಹೆಚ್ಚು ನೆರವಾಗಬಲ್ಲದ್ದು ಈ ನಡುವಿನವರಿಗೇ.

ನೆರವಾಗುವುದು ಹೇಗೆ? ಮಾತನ್ನು ಆಗಿಂದಾಗಲೇ ಅಕ್ಷರಕ್ಕಿಳಿಸುವ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಆ್ಯಪನ್ನು ಗೂಗಲ್ 2019ರಲ್ಲಿ ಹೊರತಂದಿತು. ಅದರ ಹಿಂದಿದ್ದ ವಿಜ್ಞಾನಿ ಡಿಮಿಟ್ರಿ ಕನೆವ್‌ಸ್ಕಿ ಸ್ವತಃ ಬಾಲ್ಯದಿಂದ ಕಿವಿ ಕೇಳದವರು. ಆ್ಯಪ್ ಉಚಿತ, ಕನ್ನಡವೂ ಇದೆ. ಓದಲು ಬಾರದವರಿಗೆ ಅಥವಾ ಕಣ್ಣು ಸೋತವರಿಗೆ ಸೌಂಡ್ ಆಂಪ್ಲಿಫೈಯರ್ ಇದೆ: ಫೋನು ಮಾತನ್ನು ಹಿಡಿದು, ಗದ್ದಲ ತಗ್ಗಿಸಿ, ಇಯರ್‌ಫೋನಿಗೆ ಕಳಿಸುತ್ತದೆ. ಐಫೋನಿನಲ್ಲಿ ಇದೇ ಕೆಲಸಕ್ಕೆ ಲೈವ್ ಲಿಸನ್. ಕರೆಗಂಟೆ, ಮಗುವಿನ ಅಳು ಕೇಳಿದರೆ ಅದುರಿ ತಿಳಿಸುವ ಸೌಲಭ್ಯ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ಅಪಾಯದ ಹೊತ್ತಿನಲ್ಲಿ ಇದನ್ನೇ ನೆಚ್ಚಿಕೊಳ್ಳಬೇಡಿ ಎಂದು ಕಂಪನಿಗಳೇ ಎಚ್ಚರಿಸುತ್ತವೆ, ಅದು ಸರಿಯೇ.

ಇವೆಲ್ಲ ಚೆನ್ನಾಗಿ ಕೆಲಸ ಮಾಡಲು ಒಂದು ಷರತ್ತಿದೆ, ಮತ್ತು ಅದನ್ನು ಯಾರೂ ಹೇಳಿಕೊಡುವುದಿಲ್ಲ. ಫೋನು ಇರಬೇಕಾದದ್ದು ಮಾತಾಡುವವರ ಹತ್ತಿರ. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಸದ್ದಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಫ್ಯಾನು, ಟಿವಿ, ಹೊರಗಿನ ಆಟೋದ ಸದ್ದು ಹಾಗೇ ಉಳಿಯುತ್ತದೆ. ಅಪ್ಪನ ಜೇಬಿನಲ್ಲಿ ಫೋನಿಟ್ಟು ಕೋಣೆಯ ಆಚೆ ತುದಿಯಿಂದ ಮಗ ಮಾತಾಡಿದರೆ ಆ್ಯಪಿಗೂ ಅಪ್ಪನ ಗತಿಯೇ. ಅದೇ ಫೋನನ್ನು ಮಗ ಕೈಗೆತ್ತಿಕೊಂಡು ಗದ್ದದಿಂದ ಒಂದು ಗೇಣು ದೂರದಲ್ಲಿ ಹಿಡಿದರೆ ಫಲಿತಾಂಶವೇ ಬೇರೆ. ಅಂದರೆ ದುಡಿಯಬೇಕಾದ ಕೈ ಕಿವಿ ಚೆನ್ನಾಗಿರುವವರದ್ದು. ನಮ್ಮ ಮನೆಗಳಲ್ಲಿ ಇದು ನಡೆಯದಿರುವುದಕ್ಕೆ ಆ್ಯಪ್ ಕಾರಣವಲ್ಲ, ಸಂಕೋಚವೂ ಕಾರಣವಲ್ಲ. ಸೋಮಾರಿತನ.

ಕನ್ನಡದ ತೊಡಕು ಬೇರೆಯೇ ಇದೆ. ಟಿವಿ ವಾರ್ತೆಯ ಕನ್ನಡವನ್ನು ಫೋನು ಮುದ್ದಾಗಿ ಬರೆಯುತ್ತದೆ. ಕಲಬುರಗಿಯ ಕಾಕಾ, ಕುಂದಾಪುರದ ಅತ್ತೆ ಬಾಯಿ ತೆರೆದರೆ ತಡವರಿಸುತ್ತದೆ. ಡಾಕ್ಟರ ‘ಬಿಪಿ ಟ್ಯಾಬ್ಲೆಟ್ ಮಾರ್ನಿಂಗ್ ಒಂದ್ ಹಾಕ್ಕೊಳಿ’ ಎಂಬ ಮಿಶ್ರಣಕ್ಕಂತೂ ಇನ್ನೂ ಕಷ್ಟ. ಜೊತೆಗೆ ನಮ್ಮ ಭಾಷೆಯಲ್ಲಿ ಬೇಕೋ ಬೇಡವೋ ತೀರ್ಮಾನವಾಗುವುದು ವಾಕ್ಯದ ತುದಿಯಲ್ಲಿ, ಉಸಿರು ಕಡಿಮೆಯಾಗಿ ದನಿ ಇಳಿಯುವ ಜಾಗದಲ್ಲಿ. ‘ತಗೋಬೇಕು’ ಹೋಗಿ ‘ತಗೋಬೇಡಿ’ ಆದರೆ ಗತಿ ಏನು? ಹಾಗಾಗಿ ಮಾತ್ರೆಯ ವಿಷಯ, ಹಣದ ವಿಷಯ ಕೈಬರಹದಲ್ಲಿ ಇರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಯೋಜನೆಯಡಿ ಜಿಲ್ಲೆ ಜಿಲ್ಲೆಯ ಮಾತನ್ನು ದಾಖಲಿಸುತ್ತಿದೆ. ಅದರ ಫಲ ಮೊದಲು ಸಿಗಬೇಕಾದದ್ದು ಹಾಡು ಹುಡುಕುವವರಿಗಲ್ಲ, ಇಂಥವರಿಗೆ.

ಫೋನು ಬಂತೆಂದು ತಪಾಸಣೆ ಬಿಡುವಂತಿಲ್ಲ. ಕೆಲವೊಮ್ಮೆ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯೇ ಕಾರಣ, ತೆಗೆಸಿದರೆ ಮುಗಿಯಿತು. ಗದ್ದಲದ ನಡುವೆ ಅಂಕಿಗಳನ್ನು ಕೇಳಿಸಿ ಪರೀಕ್ಷಿಸುವ ಹಿಯರ್‌ಡಬ್ಲ್ಯುಎಚ್‌ಒ ಎಂಬ ಆ್ಯಪನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಬಿಟ್ಟಿದೆ. ಅದು ಅನುಮಾನ ಹುಟ್ಟಿಸಬಲ್ಲದು, ನಿರ್ಣಯ ಹೇಳಲಾರದು. ಅದಕ್ಕೆ ಆಡಿಯಾಲಜಿಸ್ಟ್ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಈ ಕೆಲಸ ಮಾಡುತ್ತಿದೆ.

ಹುಟ್ಟಿನಿಂದ ಕಿವಿ ಕೇಳದೆ ಸನ್ನೆಯನ್ನೇ ಭಾಷೆಯಾಗಿ ಪಡೆದವರ ಕಥೆ ಬೇರೆ. ಅವರಿಗೆ ಬರಹದ ಕನ್ನಡ ಎರಡನೆಯ ಭಾಷೆ. ಪರದೆಯ ಮೇಲೆ ಸಾಲು ಓಡಿಸಿದರೆ ಕೆಲಸ ಮುಗಿಯಲಿಲ್ಲ. ಅವರ ಬದುಕು ಬದಲಿಸಿದ್ದು ಯಾವ ವಿಶೇಷ ಆ್ಯಪೂ ಅಲ್ಲ, ಮಾಮೂಲಿ ವಿಡಿಯೊ ಕಾಲ್. ಬಸ್‌ಸ್ಟ್ಯಾಂಡಿನಲ್ಲಿ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ನಗುನಗುತ್ತ ಹರಟುವ ಹುಡುಗಿಯರನ್ನು ನೀವೂ ನೋಡಿರುತ್ತೀರಿ.

ದೂರವಾಣಿಯ ಚರಿತ್ರೆಯಲ್ಲೇ ಒಂದು ಕಹಿ ಇದೆ. 1876ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡ ಮಕ್ಕಳ ಮೇಷ್ಟ್ರಾಗಿದ್ದವನು. ತಾಯಿಗೆ ಕಿವಿ ಕೇಳಿಸುತ್ತಿರಲಿಲ್ಲ, ಹೆಂಡತಿ ಮೇಬಲ್‌ಗೂ ಕೇಳಿಸುತ್ತಿರಲಿಲ್ಲ. ಅವನ ಯಂತ್ರ ಊರೂರಿಗೆ ಹಬ್ಬಿತು, ಅವರಂಥವರನ್ನು ಹೊರಗಿಟ್ಟಿತು. ಅದೇ ತಂತಿಯ ಮೇಲೆ ಅಕ್ಷರ ಕಳಿಸುವ ಉಪಾಯವನ್ನು ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವಿ ಕೇಳದ ಭೌತವಿಜ್ಞಾನಿ 1964ರಲ್ಲಿ ಮಾಡಿ ತೋರಿಸುವವರೆಗೂ ಬಾಗಿಲು ಮುಚ್ಚಿಯೇ ಇತ್ತು. ಅಲ್ಪಸ್ವಲ್ಪ ಕೇಳಿಸುವವರಿಗೂ ತೊಡಕಿತ್ತು: ಹಳೆಯ ಫೋನು ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ, ಸಕಾರದ ಬಹುಪಾಲು ಅದರಾಚೆಗಿದೆ. ಅಂತರ್ಜಾಲದ ಕರೆ ಸಾಮಾನ್ಯವಾಗಿ ಇದಕ್ಕಿಂತ ಅಗಲ. ಅಮ್ಮನಿಗೆ ಮಾಮೂಲಿ ಕರೆ ಸ್ಪಷ್ಟವಾಗದಿದ್ದರೆ ವಾಟ್ಸ್ಆ್ಯಪಿನಲ್ಲಿ ಮಾಡಿ ನೋಡಿ. ವಿಡಿಯೊ ಹಾಕಿದರೆ ತುಟಿಯೂ ಕಾಣುತ್ತದೆ.

ಮನೆಯವರು ಕಲಿತಾರು. ಕೌಂಟರುಗಳು? ಬ್ಯಾಂಕಿನ ಸಹಾಯವಾಣಿ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎನ್ನುತ್ತದೆ, ಒತ್ತಲು ಮೊದಲು ಅದು ಕೇಳಿಸಬೇಕು. ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸಮ್ಮ ಹೆಸರು ಕೂಗಿ ಒಳಗೆ ಹೋಗುತ್ತಾರೆ. ತಾಲ್ಲೂಕು ಕಚೇರಿಯ ಗಾಜಿನ ಹಿಂದಿನ ಗುಮಾಸ್ತರ ಮಾತು ಕಿವಿ ನೆಟ್ಟಗಿರುವವರಿಗೂ ಅರ್ಧವೇ. ಇಂಥ ಪ್ರತಿ ಕಿಂಡಿಯಲ್ಲೂ ಪರದೆ ಹೊರಮುಖವಾಗಿಟ್ಟ ಒಂದು ಫೋನು, ಒಂದು ಸ್ಟ್ಯಾಂಡು, ಗುಮಾಸ್ತರ ಕಡೆಗೆ ಒಂದು ಮೈಕು ಇದ್ದರೆ ಸಾಕು. ಆ್ಯಪಿಗೆ ದುಡ್ಡಿಲ್ಲ, ಫೋನು ಹಳೆಯದಾದರೂ ನಡೆಯುತ್ತದೆ. ಟೆಂಡರು ಕರೆಯುವಷ್ಟು ದೊಡ್ಡ ಬಾಬತ್ತಲ್ಲ; ಕೆಲಸ ಆಗದಿರುವುದಕ್ಕೆ ಬಹುಶಃ ಅದೇ ಕಾರಣ.